ಒಂದು ಸರದಿಯ ಸಾಲ



ಕಳೆದ ಬೇಸಿಗೆ ರಜೆಗೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಹನ್ನೆರಡು ವರ್ಷದ ಹುಡುಗಿ. ಒಂದು ಸಂಜೆ ಗಣಿತದ ನೋಟ್‌ಬುಕ್ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಮುಖ ಬಾಡಿತ್ತು. "ದೊಡ್ಡಮ್ಮ, ಇವತ್ತು ಏಳು ಆಟ ಆಡಿದೆ, ಏಳೂ ಸೋತೆ. ನನ್ನ ತಂಡದಲ್ಲಿ ಇರೋರೆಲ್ಲ ಶೂರರೇ. ಆದ್ರೂ ಯಾಕೆ ಸೋಲ್ತೀನಿ ಹೇಳು" ಅಂದಳು.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಆರು ಹೆಸರು ಬರೆದಿದ್ದಳು. ಗ್ಯಾರಡೋಸ್, ಗಾರ್ಚಾಂಪ್, ಡ್ರ್ಯಾಗನೈಟ್, ಸಾಲಮೆನ್ಸ್, ಟೈರಾನಿಟಾರ್, ಚಾರಿಜಾರ್ಡ್. ಆಟ ಯಾವುದೆಂದು ನಿಮ್ಮಲ್ಲಿ ಕೆಲವರಿಗೆ ಆಗಲೇ ಗೊತ್ತಾಗಿರಬಹುದು. ಅದು ಪೋಕೆಮಾನ್. ಕಾರ್ಟೂನ್ ಚಾನೆಲ್‌ನಲ್ಲಿ ಅದನ್ನು ನೋಡುತ್ತಾ ಬೆಳೆದ ತಲೆಮಾರಿನವಳು ನಾನು. ಆದರೆ ಆ ಕಾರ್ಟೂನಿಗೆ ಮೂಲವಾದ ಆಟದೊಳಗೆ ಇಷ್ಟು ಆಳದ ಲೆಕ್ಕಾಚಾರ ಇದೆ ಎಂದು ತಿಳಿದದ್ದು ದೊಡ್ಡವಳಾದ ಮೇಲೆ. ಆ ಲೆಕ್ಕಾಚಾರದ ಒಂದು ಎಳೆಯನ್ನು ಇವತ್ತು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಒಬ್ಬ ಬಲಶಾಲಿ ದಾಳಿಗಾರನನ್ನು ನಡುವೆ ಇಟ್ಟುಕೊಂಡು ಅವನ ಸುತ್ತ ತಂಡ ಕಟ್ಟುವುದು ಹೇಗೆ ಎಂಬುದೇ ಆ ಎಳೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕಾಗಿ ಈ ಆಟ ಬಂತು. ರೂಪಿಸಿದವರು ಸತೋಶಿ ತಜಿರಿ. ಚಿಕ್ಕವರಿದ್ದಾಗ ಅವರಿಗೆ ಹುಳು ಹಿಡಿದು ಕೂಡಿಡುವ ಹುಚ್ಚು ಇತ್ತು. ಆ ಹುಚ್ಚೇ ಆಟವಾಯಿತು. ಪೋಕೆಮಾನ್ ಎಂಬ ಜೀವಿಗಳನ್ನು ಹಿಡಿಯಬೇಕು, ಸಾಕಬೇಕು, ಇನ್ನೊಬ್ಬರ ಜೀವಿಗಳ ಜೊತೆ ಕಾಳಗಕ್ಕೆ ಬಿಡಬೇಕು. ಒಂದು ತಂಡದಲ್ಲಿ ಆರು ಜೀವಿಗಳು. ಒಂದೊಂದಕ್ಕೂ ನಾಲ್ಕೇ ವರಸೆ. ನೀರು, ಬೆಂಕಿ, ವಿದ್ಯುತ್ತು, ಬಂಡೆ, ಉಕ್ಕು ಹೀಗೆ ಈಗ ಹದಿನೆಂಟು ಟೈಪ್‌ಗಳಿವೆ, ಒಂದು ಜೀವಿಗೆ ಒಂದೋ ಎರಡೋ ಟೈಪ್. ಬೆಂಕಿಗೆ ನೀರು ಬಿದ್ದರೆ ಏಟು ಇಮ್ಮಡಿ, ನೀರಿಗೆ ಬೆಂಕಿ ಬಿದ್ದರೆ ಅರ್ಧ. ಜೀವಿಯ ಎರಡೂ ಟೈಪ್‌ಗೆ ಆಗದ ಏಟು ಬಿದ್ದರೆ ನಾಲ್ಕು ಪಟ್ಟು. ಸರದಿಗೆ ಒಂದೇ ಕೆಲಸ ಮಾಡಲು ಸಾಧ್ಯ. ಹೊಡೆಯಬಹುದು, ಇಲ್ಲವೇ ಕಣದಲ್ಲಿರುವ ಜೀವಿಯನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಕಳಿಸಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ಈ ಸರದಿ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಹೇಳಹೊರಟಿರುವ ಸಂಗತಿಯೆಲ್ಲ ಅದರ ಬೆಲೆಯ ಸುತ್ತಲೇ ಇದೆ.

ಈಗ ಹುಡುಗಿಯ ಹಾಳೆಗೆ ಬರೋಣ. ಆರೂ ಹೆಸರು ಕೇಳಿದರೆ ಎದುರಾಳಿಯ ಎದೆ ನಡುಗಬೇಕು. ಆದರೆ ಮಂಜಿನ ಟೈಪ್‌ನ ಒಂದೇ ಒಂದು ವರಸೆ ಗಾರ್ಚಾಂಪ್, ಡ್ರ್ಯಾಗನೈಟ್, ಸಾಲಮೆನ್ಸ್ ಮೂವರಿಗೂ ನಾಲ್ಕು ಪಟ್ಟು ತಗಲುತ್ತದೆ. ಇನ್ನು ಸ್ಟೆಲ್ತ್ ರಾಕ್ ಎಂಬ ವರಸೆಯಿದೆ. ಎದುರಾಳಿ ಒಮ್ಮೆ ಅದನ್ನು ಬಳಸಿದರೆ ನಮ್ಮ ಕಡೆಯ ಕಣದಲ್ಲಿ ಚೂಪುಗಲ್ಲುಗಳು ಗಾಳಿಯಲ್ಲಿ ತೇಲುತ್ತಾ ನಿಲ್ಲುತ್ತವೆ. ಅಲ್ಲಿಂದ ಮುಂದೆ ಯಾರು ಕಣಕ್ಕೆ ಇಳಿದರೂ ಗಾಯ. ಸಾಮಾನ್ಯ ಜೀವಿಗೆ ಎಂಟನೇ ಒಂದು ಪಾಲು ಜೀವ ಹೋಗುತ್ತದೆ. ಬಂಡೆಗೆ ಸೋಲುವ ಗ್ಯಾರಡೋಸ್, ಡ್ರ್ಯಾಗನೈಟ್, ಸಾಲಮೆನ್ಸ್‌ಗೆ ಕಾಲು ಪಾಲು. ಚಾರಿಜಾರ್ಡ್‌ಗೆ ಪೂರಾ ಅರ್ಧ. ಅಂದರೆ ಎರಡು ಸಲ ಕಣಕ್ಕೆ ಇಳಿದರೆ ಯಾರೂ ಕೈ ಎತ್ತದೆಯೇ ಚಾರಿಜಾರ್ಡ್ ಮುಗಿಯಿತು. ಆರು ಶೂರರ ದಂಡು ನಾಲ್ಕು ಕಲ್ಲಿಗೆ ಕುಸಿಯುತ್ತಿತ್ತು. ಆ ಕಲ್ಲನ್ನು ಗುಡಿಸಿ ಹಾಕುವವರು ತಂಡದಲ್ಲಿ ಒಬ್ಬರೂ ಇರಲಿಲ್ಲ.

ನಾನು ಹಾಳೆ ತಿರುವಿ ನಡುವೆ ಒಂದೇ ಹೆಸರು ಬರೆಯಲು ಹೇಳಿದೆ. "ನಿನಗೆ ಯಾರ ಮೇಲೆ ಹೆಚ್ಚು ಪ್ರೀತಿ?" ಅಂದೆ. ಅವಳು ತಡಮಾಡದೆ ಗ್ಯಾರಡೋಸ್ ಎಂದು ಬರೆದಳು. ಒಳ್ಳೆಯ ಆಯ್ಕೆ. ಕೈಲಾಗದ ಕೆಂಪು ಮೀನು ಮ್ಯಾಜಿಕಾರ್ಪ್ ಇಪ್ಪತ್ತನೇ ಹಂತ ತಲುಪಿದಾಗ ಉಗ್ರ ಕಡಲಸರ್ಪವಾಗಿ ಬದಲಾಗುತ್ತದಲ್ಲ, ಅದೇ ಗ್ಯಾರಡೋಸ್. ಜಲಪಾತ ಏರಿದ ಮೀನು ಡ್ರ್ಯಾಗನ್ ಆಯಿತೆಂಬ ಪೂರ್ವ ಏಷ್ಯಾದ ಹಳೆಯ ಐತಿಹ್ಯ ಅದರ ಹಿಂದಿದೆ. ಅದರ ಮೂಲ ದಾಳಿಬಲ 125. ಬಹಳ ದೊಡ್ಡ ಅಂಕಿ.

"ಈಗ ಅವನ ಶಕ್ತಿ ಬರೆಯಬೇಡ. ಅವನಿಗೆ ಏನೇನು ಆಗೋದಿಲ್ಲ, ಅದನ್ನ ಬರಿ" ಅಂದೆ. ಹುಡುಗಿಗೆ ಇದು ವಿಚಿತ್ರ ಅನ್ನಿಸಿತು. ಆದರೆ ತಂಡ ಕಟ್ಟುವ ಕೆಲಸ ಶುರುವಾಗುವುದು ಅಲ್ಲಿಂದಲೇ. ಬಲಶಾಲಿಯ ಬಲ ಎಲ್ಲರಿಗೂ ಕಾಣುತ್ತದೆ, ಎದುರಾಳಿಗೂ ಕಾಣುತ್ತದೆ. ಅವನ ಕೊರತೆಗಳ ಪಟ್ಟಿಯೇ ಉಳಿದ ಐವರನ್ನು ಆರಿಸಿಕೊಡುವ ಪಟ್ಟಿ.

ಮೊದಲ ಕೊರತೆ ವೇಗ. ಗ್ಯಾರಡೋಸ್‌ನ ಮೂಲ ವೇಗ 81, ಗಾರ್ಚಾಂಪ್‌ನದು 102. ಸ್ಪರ್ಧೆಗಳಲ್ಲಿ ಎಲ್ಲರನ್ನೂ ಐವತ್ತನೇ ಹಂತಕ್ಕೆ ತಂದು ಆಡಿಸುವುದು ವಾಡಿಕೆ. ಒಂದು ಜೀವಿಗೆ ಕೊಡಬಹುದಾದ ತರಬೇತಿ ಅಂಕ ಒಟ್ಟು 510, ಒಂದೇ ಗುಣಕ್ಕೆ 252ಕ್ಕಿಂತ ಹೆಚ್ಚು ಸುರಿಯುವಂತಿಲ್ಲ. ದಾಳಿಗೂ ವೇಗಕ್ಕೂ 252ರಂತೆ ಕೊಟ್ಟು, ದಾಳಿ ಹೆಚ್ಚಿಸುವ ಸ್ವಭಾವ ಇಟ್ಟುಕೊಂಡರೆ ಗ್ಯಾರಡೋಸ್‌ನ ವೇಗ 133 ಆಗುತ್ತದೆ. ಎದುರಾಳಿಯ ಚುರುಕು ಗಾರ್ಚಾಂಪ್‌ನದು 169. ಮೊದಲ ಏಟು ಅವನದೇ.

ಇದಕ್ಕೆ ಗ್ಯಾರಡೋಸ್ ಬಳಿ ಮದ್ದಿದೆ. ಅದರ ಹೆಸರು ಡ್ರ್ಯಾಗನ್ ಡ್ಯಾನ್ಸ್. ಒಂದು ಸರದಿ ಹೊಡೆಯದೆ ಕುಣಿದರೆ ದಾಳಿ, ವೇಗ ಎರಡೂ ಒಂದೂವರೆ ಪಟ್ಟಾಗುತ್ತವೆ. 133 ಹೋಗಿ 199. ಈಗ 169ರ ಗಾರ್ಚಾಂಪ್ ಹಿಂದೆ ಬಿತ್ತು. ಒಂದೇ ಒಂದು ಸರದಿಯಲ್ಲಿ ಕಾಳಗದ ದಿಕ್ಕೇ ಬದಲಾಯಿತು.

ಆದರೆ ಆ ಸರದಿಯಲ್ಲಿ ಎದುರಾಳಿ ಕೈಕಟ್ಟಿ ನೋಡುತ್ತಾ ನಿಲ್ಲುವುದಿಲ್ಲ. ಗ್ಯಾರಡೋಸ್ ಕುಣಿಯುವಾಗ ಅವನು ಹೊಡೆಯುತ್ತಾನೆ. ಹಾಗಾಗಿ ಕುಣಿಯಲು ಬೇಕಾದ ಆ ಒಂದು ಸರದಿಯನ್ನು ಯಾರಾದರೂ ಕೊಂಡು ಕೊಡಬೇಕು. ಒಬ್ಬರು ಎದುರಾಳಿಗೆ ಪಾರ್ಶ್ವವಾಯು ಬಡಿಸಿ ಅವನ ಕಾಲು ಎಳೆಯಬಹುದು. ಇನ್ನೊಬ್ಬರು ಏಟಿನ ತೀವ್ರತೆಯನ್ನು ಅರ್ಧಕ್ಕೆ ಇಳಿಸುವ ಬೆಳಕಿನ ಪರದೆಗಳನ್ನು ಕಟ್ಟಿ, ತಾವು ಬಿದ್ದು, ಜಾಗ ಬಿಟ್ಟುಕೊಡಬಹುದು. ಹೀಗೆ ಕೊಂಡ ಸರದಿ ಪುಕ್ಕಟೆಯಲ್ಲ. ಅದಕ್ಕೆ ಯಾರದೋ ಜೀವ ಸವೆದಿರುತ್ತದೆ. ನಾನು ಅದನ್ನು ಸಾಲ ಎನ್ನುತ್ತೇನೆ. ಬಲಶಾಲಿ ತನ್ನ ತಂಡದವರಿಗೆ ಹೊತ್ತಿರುವ ಸಾಲ.

ಎರಡನೆಯ ಕೊರತೆ ಮೈಮೇಲೆ ಬರುವ ಅಪಾಯ. ಗ್ಯಾರಡೋಸ್ ನೀರು ಮತ್ತು ಹಾರಾಟದ ಟೈಪ್‌ನದು. ವಿದ್ಯುತ್ತು ಅದಕ್ಕೆ ನಾಲ್ಕು ಪಟ್ಟು, ಬಂಡೆ ಎರಡು ಪಟ್ಟು ತಗಲುತ್ತದೆ. ಇಲ್ಲಿ ಹುಡುಗಿ ಪೆನ್ಸಿಲ್ ಕಚ್ಚುತ್ತಾ ಬಹಳ ಹೊತ್ತು ಕೂತಳು. ಮೊಬೈಲಿನಲ್ಲಿ ಒಂದೊಂದೇ ಹೆಸರು ಹುಡುಕಿದಳು. ಕೊನೆಗೆ ತಾನಾಗಿಯೇ ಕಂಡುಹಿಡಿದದ್ದು ಎಕ್ಸ್‌ಕಡ್ರಿಲ್. ಉಕ್ಕಿನ ಉಗುರುಗಳಿಂದ ನೆಲ ಕೊರೆಯುವ ಜೀವಿ ಅದು, ನೆಲ ಮತ್ತು ಉಕ್ಕಿನ ಟೈಪ್. ವಿದ್ಯುತ್ತು ಅದಕ್ಕೆ ತಾಕುವುದೇ ಇಲ್ಲ. ಬಂಡೆಯ ಏಟು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಗಿರಗಿರನೆ ತಿರುಗಿ ನಮ್ಮ ಕಡೆ ತೇಲುವ ಚೂಪುಗಲ್ಲುಗಳನ್ನು ಚೆದುರಿಸುವ ರ‍್ಯಾಪಿಡ್ ಸ್ಪಿನ್ ವರಸೆಯೂ ಅದರ ಬಳಿ ಇದೆ.

"ಈಗ ತಿರುಗಿಸಿ ನೋಡು. ಎಕ್ಸ್‌ಕಡ್ರಿಲ್‌ಗೆ ಯಾವುದು ಆಗೋದಿಲ್ಲ?" ಅಂದೆ. ನೆಲ, ನೀರು, ಬೆಂಕಿ, ಕಾದಾಟ ಎಂದು ನಾಲ್ಕನ್ನು ಬರೆದಳು. ಗ್ಯಾರಡೋಸ್‌ಗೆ ನೆಲದ ಏಟು ತಾಕುವುದಿಲ್ಲ. ಉಳಿದ ಮೂರು ಅರ್ಧಕ್ಕೆ ಇಳಿಯುತ್ತವೆ. ಅವನಿಗೆ ಆಗದ್ದು ಇವನಿಗೆ ಲೆಕ್ಕಕ್ಕಿಲ್ಲ, ಇವನಿಗೆ ಆಗದ್ದು ಅವನಿಗೆ ಲೆಕ್ಕಕ್ಕಿಲ್ಲ. ಹುಡುಗಿಯ ಕಣ್ಣು ಅರಳಿತು. ಒಳ್ಳೆಯ ಜೊತೆಗಾರ ಬಲಶಾಲಿಯ ಸೇವಕನಲ್ಲ ಎಂಬುದನ್ನು ನಾನು ಹೇಳಬೇಕಾಗಿ ಬರಲಿಲ್ಲ, ಆ ಎರಡು ಕಾಲಮ್ಮುಗಳೇ ಹೇಳಿದವು. ಇವನು ಅವನಿಗೆ ಬೆನ್ನು ಕೊಟ್ಟಾಗ ಅವನೂ ಇವನಿಗೆ ಬೆನ್ನು ಕೊಡುತ್ತಾನೆ.

ಮೂರನೆಯ ಕೊರತೆ ದಾರಿಗೆ ಅಡ್ಡ ನಿಲ್ಲುವವರದು. ಎಷ್ಟು ಕುಣಿದರೂ ಗ್ಯಾರಡೋಸ್ ಒಡೆಯಲಾರದ ಗೋಡೆಗಳಿವೆ. ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿಯ ಮೂಲ ರಕ್ಷಣಾಬಲ 140. ಅದು ಏಟನ್ನು ತಡೆದುಕೊಂಡು ಒಂದು ಸುಂಟರಗಾಳಿ ಎಬ್ಬಿಸಿದರೆ ಗ್ಯಾರಡೋಸ್ ಕಣದಿಂದ ಹಾರಿ ಹೋಗುತ್ತದೆ, ಕುಣಿದು ಗಳಿಸಿದ್ದೆಲ್ಲ ಮಣ್ಣುಪಾಲು. ಮುಳ್ಳಿನ ಬೀಜದಂತಿರುವ ಫೆರೋಥಾರ್ನ್ ಕೂಡ ನೀರಿನ ಏಟಿಗೆ ಜಗ್ಗುವುದಿಲ್ಲ. ಎರಡೂ ಉಕ್ಕಿನ ಟೈಪ್‌ನವು. ಇವುಗಳನ್ನು ಎದುರು ನಿಂತು ಒಡೆಯುವ ಹಟಕ್ಕೆ ಬೀಳಬಾರದು. ಆಯಸ್ಕಾಂತದ ಶಕ್ತಿಯ ಮ್ಯಾಗ್ನೆಜೋನ್ ಎಂಬ ಜೀವಿಯನ್ನು ಕಳಿಸಿದರೆ ಸಾಕು. ಅದು ಕಣದಲ್ಲಿದ್ದರೆ ಎದುರಿನ ಉಕ್ಕಿನ ಜೀವಿ ಹಿಂದಕ್ಕೆ ಓಡಿಹೋಗುವಂತಿಲ್ಲ, ಸೆಳೆತಕ್ಕೆ ಸಿಕ್ಕಿ ಅಲ್ಲೇ ನಿಲ್ಲಬೇಕು. ಸ್ಕಾರ್ಮರಿಗೆ ಮಿಂಚು, ಫೆರೋಥಾರ್ನ್‌ಗೆ ಬೆಂಕಿ ಕೊಟ್ಟರೆ ದಾರಿ ತೆರವು.

2010ರಲ್ಲಿ ಬಂದ ಐದನೇ ತಲೆಮಾರಿನ ಆಟಗಳ ಕಾಲದಲ್ಲಿ ಆಟಗಾರರು ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿ ಡ್ರ್ಯಾಗ್‌ಮ್ಯಾಗ್ ಎಂದು ಕರೆದರು. 2013ರಲ್ಲಿ ಫೇರಿ ಟೈಪ್ ಬರುವ ತನಕ ಡ್ರ್ಯಾಗನ್ ಏಟನ್ನು ತಗ್ಗಿಸಬಲ್ಲ ಟೈಪ್ ಉಕ್ಕೊಂದೇ ಆಗಿತ್ತು. ಮ್ಯಾಗ್ನೆಜೋನ್ ಒಂದು ಉಕ್ಕಿನ ಗೋಡೆಯನ್ನು ಕೆಡವಿದರೆ ತಂಡದ ಡ್ರ್ಯಾಗನ್‌ಗಳಿಗೆಲ್ಲ ಒಟ್ಟಿಗೆ ಬಾಗಿಲು ತೆರೆಯುತ್ತಿತ್ತು. ಒಬ್ಬನಿಗಾಗಿ ಮಾಡಿದ ಕೆಲಸ ಮೂವರಿಗೆ ದಕ್ಕುವ ಹಾಗೆ ತಂಡ ಕಟ್ಟುವುದರಲ್ಲಿ ದೊಡ್ಡ ಜಾಣತನವಿದೆ. ದಾಳಿಗಾರನಿಗೆ ಅಡ್ಡವಾಗುವ ಗೋಡೆಯೇ ಅಡ್ಡವಾಗುವಂಥ ಇನ್ನೊಬ್ಬ ದಾಳಿಗಾರನನ್ನು ತಂಡದಲ್ಲಿಟ್ಟರೆ ಆ ಗೋಡೆಗಾಗಿ ಪಟ್ಟ ಶ್ರಮ ಎರಡು ಸಲ ಫಲ ಕೊಡುತ್ತದೆ. ಸ್ಕಾರ್ಮರಿ ಗಾರ್ಚಾಂಪ್‌ಗೂ ಗೋಡೆಯೇ. ಹಾಗಾಗಿ ಹುಡುಗಿಯ ಹಳೆಯ ಆರರಲ್ಲಿ ಗ್ಯಾರಡೋಸ್ ಜೊತೆ ಗಾರ್ಚಾಂಪ್ ಕೂಡ ಉಳಿಯಿತು.

ಜೋಡಿ ಕಟ್ಟುವುದರಲ್ಲಿ ಒಂದು ಎಚ್ಚರವೂ ಬೇಕು. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳು ಬಂದ ಹೊಸದರಲ್ಲಿ ಗ್ಯಾರಡೋಸ್ ಜೊತೆ ಇಲೆಕ್ಟಿವೈರ್ ಎಂಬ ಜೀವಿಯನ್ನು ಇಡುವುದು ಬಹಳ ಜನಪ್ರಿಯವಾಯಿತು. ಇಲೆಕ್ಟಿವೈರ್‌ಗೆ ವಿದ್ಯುತ್ತಿನ ಏಟು ಬಿದ್ದರೆ ನೋವಾಗುವುದಿಲ್ಲ, ಬದಲಿಗೆ ವೇಗ ಹೆಚ್ಚುತ್ತದೆ. ಎದುರಾಳಿ ಗ್ಯಾರಡೋಸ್‌ನತ್ತ ಮಿಂಚು ಬಿಡುವ ಸರದಿಯಲ್ಲಿ ಇಲೆಕ್ಟಿವೈರನ್ನು ಕಳಿಸಿದರೆ ಮಿಂಚು ಪ್ರಸಾದವಾಗುತ್ತಿತ್ತು. ಇಲೆಕ್ಟಿವೈರ್‌ಗೆ ಆಗದ ಒಂದೇ ಟೈಪ್ ನೆಲ, ಅದು ಗ್ಯಾರಡೋಸ್‌ಗೆ ತಾಕದು. ಕಾಗದದ ಮೇಲೆ ಈ ಜೋಡಿ ಬಂಗಾರ. ಆದರೆ ಅದು ಎಲ್ಲರ ಬಾಯಲ್ಲೂ ಬಂದ ಮೇಲೆ ಎದುರಾಳಿಗಳು ಗ್ಯಾರಡೋಸ್ ಕಂಡರೆ ಮಿಂಚು ಬಿಡುವುದನ್ನೇ ನಿಲ್ಲಿಸಿ ಬಂಡೆ ಎಸೆಯತೊಡಗಿದರು. ಮಿಂಚಿನ ಏಟು ಸಿಗದ ಇಲೆಕ್ಟಿವೈರ್ ಬರೀ ಸಾಧಾರಣ ವೇಗದ, ಮೈಗಟ್ಟಿಯಿಲ್ಲದ ಆಳಾಗಿ ಉಳಿಯಿತು. ಎದುರಾಳಿ ತಪ್ಪು ಮಾಡಿದರೆ ಮಾತ್ರ ಉಪಯೋಗಕ್ಕೆ ಬರುವ ಜೊತೆಗಾರನನ್ನು ನೆಚ್ಚಿಕೊಳ್ಳಬಾರದು. ಎಕ್ಸ್‌ಕಡ್ರಿಲ್ ಹಾಗಲ್ಲ. ಮಿಂಚು ಬಂದರೂ ಬಾರದಿದ್ದರೂ ಕಲ್ಲು ಗುಡಿಸುವ ಅದರ ಕೆಲಸ ಇದ್ದೇ ಇರುತ್ತದೆ.

ಇಷ್ಟು ಹೊತ್ತು ಒಬ್ಬರ ಎದುರು ಒಬ್ಬರು ನಿಲ್ಲುವ ಆಟದ ಮಾತಾಯಿತು. ಪೋಕೆಮಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡುವುದು ಜೋಡಿ ಕಾಳಗ. ಆರರಲ್ಲಿ ನಾಲ್ವರನ್ನು ಆರಿಸಬೇಕು, ಕಣದಲ್ಲಿ ಒಮ್ಮೆಗೆ ಇಬ್ಬಿಬ್ಬರು. ಆ ರಂಗದಲ್ಲಿ ನಡೆದ ಒಂದು ಘಟನೆಯನ್ನು ಹೇಳದೆ ಈ ಭಾಷಣ ಮುಗಿಸಲು ನನಗೆ ಮನಸ್ಸು ಬಾರದು.

2014ರ ಆಗಸ್ಟ್. ಅಮೆರಿಕದ ರಾಜಧಾನಿ ವಾಷಿಂಗ್ಟನ್. ದೊಡ್ಡವರ ವಿಭಾಗದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಮತ್ತು ಅಮೆರಿಕದ ಜ್ಯೂಡಿ ಅಝರೆಲಿ ಎದುರು ಬದುರು ಕೂತಿದ್ದರು. ಪಾರ್ಕ್ ಅವರ ತಂಡದಲ್ಲಿ ಗ್ಯಾರಡೋಸ್ ಇತ್ತು, ಗಾರ್ಚಾಂಪ್ ಇತ್ತು. ಜೊತೆಗೆ ಪಚಿರಿಸು ಎಂಬ ಅಳಿಲೊಂದು ಇತ್ತು. ನೀಲಿ ಬಿಳಿ ಬಣ್ಣದ, ಅಂಗೈಯಲ್ಲಿ ಕೂರಿಸಿ ಮುದ್ದಾಡಬೇಕೆನಿಸುವ ವಿದ್ಯುತ್ ಅಳಿಲು. ಅದರ ಆರೂ ಮೂಲ ಬಲಗಳನ್ನು ಕೂಡಿದರೆ 405. ಕಾಳಗದ ನಡುವೆ ಇನ್ನಷ್ಟು ಬಲದ ಮೆಗಾ ರೂಪ ತಾಳಿದ ಗ್ಯಾರಡೋಸ್‌ನದು 640. ವಿಶ್ವಮಟ್ಟದ ಸ್ಪರ್ಧೆಗೆ ಇಂಥ ಅಳಿಲನ್ನು ಕರೆತರುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಆ ಅಳಿಲಿನ ಬಳಿ ಇದ್ದ ವರಸೆಗಳನ್ನು ಕೇಳಿ. ಒಂದು, ಫಾಲೋ ಮಿ. ಎದುರಾಳಿಗಳಿಬ್ಬರೂ ಯಾರತ್ತ ಗುರಿಯಿಟ್ಟಿದ್ದರೂ ಆ ಏಟು ಅಳಿಲಿನತ್ತ ತಿರುಗುತ್ತದೆ. ಪಕ್ಕದಲ್ಲಿ ನಿಂತ ಗ್ಯಾರಡೋಸ್‌ಗೆ ಬರಬೇಕಿದ್ದ ಮಿಂಚು ಅಳಿಲಿಗೆ ಬಡಿಯುತ್ತದೆ. ಅಳಿಲಿನ ಮೈಗುಣವೋ, ಮಿಂಚು ಬಿದ್ದರೆ ಗಾಯವಾಗುವ ಬದಲು ಕಾಲು ಪಾಲು ಜೀವ ತುಂಬಿಕೊಳ್ಳುವಂಥದು. ಗ್ಯಾರಡೋಸ್ ಅತಿ ಹೆಚ್ಚು ಹೆದರುವ ಏಟೇ ಅಳಿಲಿಗೆ ಆಹಾರ. ಎರಡು, ಸೂಪರ್ ಫ್ಯಾಂಗ್. ಅದು ಕಚ್ಚಿದರೆ ಎದುರಾಳಿಗೆ ಉಳಿದಿರುವ ಜೀವದಲ್ಲಿ ನೇರ ಅರ್ಧ ಹೋಗುತ್ತದೆ. ಕಚ್ಚುವವನ ದಾಳಿಬಲ ಎಷ್ಟೆಂಬ ಪ್ರಶ್ನೆಯೇ ಇಲ್ಲ, ಹಾಗಾಗಿ ಅಳಿಲಿನ ಬಡತನ ಇಲ್ಲಿ ಕೊರತೆಯಾಗುವುದಿಲ್ಲ. ಉಳಿದರ್ಧವನ್ನು ಗ್ಯಾರಡೋಸ್ ಮುಗಿಸುತ್ತದೆ. ಮೂರು, ನಝಲ್. ಕೆನ್ನೆ ಉಜ್ಜಿ ಪಾರ್ಶ್ವವಾಯು ತರಿಸಿ ವೇಗ ಇಳಿಸುವ ವರಸೆ. ನಾಲ್ಕು, ತನ್ನನ್ನು ತಾನು ಕಾಯುವ ಪ್ರೊಟೆಕ್ಟ್. ನಾಲ್ಕರಲ್ಲಿ ಒಂದಾದರೂ ಎದುರಾಳಿಯನ್ನು ತಾನೇ ಮುಗಿಸುವುದಕ್ಕೆಂದು ಇಟ್ಟುಕೊಂಡದ್ದಲ್ಲ. ಎಲ್ಲವೂ ಪಕ್ಕದವನಿಗೆ ಸಮಯ ಕೊಡಲು, ಇಲ್ಲವೇ ಅವನ ಕೆಲಸವನ್ನು ಅರ್ಧ ಹಗುರ ಮಾಡಲು.

ಈ ಉಪಾಯಕ್ಕೂ ಮಿತಿಯಿದೆ. ಇಬ್ಬರ ಮೇಲೂ ಒಟ್ಟಿಗೆ ಉರುಳುವ ಬಂಡೆಯ ಸುರಿಮಳೆಯಂಥ ವರಸೆಗಳನ್ನು ಫಾಲೋ ಮಿ ತನ್ನತ್ತ ಸೆಳೆಯಲಾರದು. ಆದರೂ ಆ ದಿನ ದೊಡ್ಡ ದೊಡ್ಡ ಜೀವಿಗಳ ಏಟು ತಿಂದು ಅಳಿಲು ಕುಸಿಯದೆ ನಿಂತಾಗಲೆಲ್ಲ ಸಭಾಂಗಣ ಕೇಕೆ ಹಾಕಿತು. ಸೆಜುನ್ ಪಾರ್ಕ್ ವಿಶ್ವ ಚಾಂಪಿಯನ್ ಆದರು. ಇಷ್ಟು ವರ್ಷ ಕಳೆದರೂ ಆಟಗಾರರು ಆ ಫೈನಲ್ಲನ್ನು ನೆನೆಯುವುದು ಗ್ಯಾರಡೋಸ್ ಹೆಸರಿನಿಂದಲ್ಲ, ಪಚಿರಿಸು ಹೆಸರಿನಿಂದ.

ನಮ್ಮೂರ ಜಾತ್ರೆಗಳಲ್ಲಿ ತೇರು ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಹಗ್ಗ ಹಿಡಿಯಲು ನೂರಾರು ಕೈ ಮುಂದೆ ಬರುತ್ತವೆ. ಆದರೆ ಗಾಲಿಯ ಬಳಿ ಬಗ್ಗಿ, ಸರಿಯಾದ ಗಳಿಗೆಗೆ ಮರದ ತುಂಡು ಕೊಟ್ಟು ತೇರಿನ ದಾರಿ ತಿದ್ದುವವರು ಕೆಲವರೇ. ಅವರ ಕಣ್ಣು ತೇರಿನ ಕಳಶದ ಮೇಲಲ್ಲ, ಗಾಲಿಯ ಮೇಲೆ. ಪಾರ್ಕ್ ಅವರ ಅಳಿಲನ್ನು ನೆನೆದಾಗಲೆಲ್ಲ ನನಗೆ ಆ ಬಗ್ಗಿದ ಬೆನ್ನುಗಳು ನೆನಪಾಗುತ್ತವೆ.

ಮತ್ತೆ ನಮ್ಮ ಹುಡುಗಿಯ ಹತ್ತಿರ ಬರುತ್ತೇನೆ. ಎರಡು ದಿನ ಕೂತು ಹೊಸ ತಂಡ ಕಟ್ಟಿದಳು. ಪೋಕೆಮಾನ್ ಶೋಡೌನ್‌ನಲ್ಲಿ ಆಟಕ್ಕೆ ಇಳಿದಳು. ಅಲ್ಲಿ ಹಣ ಕೊಡದೆ ಮೊಬೈಲಿನಲ್ಲೇ ಕಾಳಗ ಆಡಬಹುದು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದೆ. ಮೂರನೇ ಸರದಿಯಲ್ಲೇ ಅನಾಹುತವಾಯಿತು. ಎದುರಾಳಿಯ ಭೂತದ ಜೀವಿಯೊಂದು ಗ್ಯಾರಡೋಸ್‌ನ ಮೈ ಸುಟ್ಟಿತು. ಸುಟ್ಟಗಾಯವಾದರೆ ಮೈಬಲದ ಏಟು ಅರ್ಧಕ್ಕೆ ಇಳಿಯುತ್ತದೆ. ಇನ್ನು ಕುಣಿದು ಫಲವಿಲ್ಲ. "ಹೋಯ್ತು ದೊಡ್ಡಮ್ಮ" ಅಂದಳು.

"ತಂಡ ಇದೆಯಲ್ಲ, ಆಡು" ಅಂದೆ.

ಅವಳು ಆಡಿದಳು. ಮ್ಯಾಗ್ನೆಜೋನ್ ಎದುರಾಳಿಯ ಸ್ಕಾರ್ಮರಿಯನ್ನು ಹಿಡಿದು ನಿಲ್ಲಿಸಿ ಕೆಡವಿತು. ಎಕ್ಸ್‌ಕಡ್ರಿಲ್ ಕಲ್ಲು ಗುಡಿಸಿತು. ಕೊನೆಗೆ ಎರಡೂ ಕಡೆ ಇಬ್ಬಿಬ್ಬರು ಉಳಿದರು. ಇವಳ ಬಳಿ ಸುಟ್ಟಗಾಯದ ಗ್ಯಾರಡೋಸ್ ಮತ್ತು ಮೈಗೆ ಗೀರೂ ಬೀಳದ ಗಾರ್ಚಾಂಪ್. ಕಣದಲ್ಲಿ ಇವಳ ಜಾಗ ಖಾಲಿಯಿತ್ತು. ಗ್ಯಾರಡೋಸನ್ನು ಇಳಿಸಿ, ಆಮೇಲೆ ಅದನ್ನು ಹಿಂದಕ್ಕೆ ಕರೆದು ಗಾರ್ಚಾಂಪನ್ನು ಕಳಿಸಿದರೆ ಅದು ಬರುವಾಗಲೇ ಒಂದು ಏಟು ತಿನ್ನಬೇಕು. ಆದರೆ ಕಣದಲ್ಲಿದ್ದವರು ಬಿದ್ದರೆ ಅವರ ಜಾಗಕ್ಕೆ ಬರುವವರು ಸರದಿ ಕಳೆದುಕೊಳ್ಳದೆ, ಏಟು ತಿನ್ನದೆ ಒಳಗೆ ಬರುತ್ತಾರೆ. ಅವಳು ಒಂದು ಕ್ಷಣ ತಡೆದಳು. ಗ್ಯಾರಡೋಸ್ ಎಂದರೆ ಅವಳಿಗೆ ಪ್ರಾಣ. ಬೆರಳು ಪರದೆಯ ಮೇಲೆ ನಡುಗಿತು. ಆಮೇಲೆ ಗ್ಯಾರಡೋಸನ್ನೇ ಕಳಿಸಿದಳು.

ಗ್ಯಾರಡೋಸ್‌ಗೆ ಒಂದು ಗುಣವಿದೆ. ಅದು ಕಣಕ್ಕೆ ಇಳಿದ ಕೂಡಲೇ ಅದರ ಉಗ್ರರೂಪ ಕಂಡು ಎದುರಾಳಿಯ ದಾಳಿಬಲ ಮೂರನೇ ಒಂದು ಪಾಲು ಕುಗ್ಗುತ್ತದೆ. ಮೈ ಸುಟ್ಟಿದ್ದರೂ ಆ ಗುಣ ಸುಟ್ಟಿರುವುದಿಲ್ಲ. ಗ್ಯಾರಡೋಸ್ ಬಂತು, ಎದುರಾಳಿಯ ಬಲ ಕುಗ್ಗಿಸಿತು, ತನ್ನ ಕೈಲಾದ ಒಂದು ಏಟು ಕೊಟ್ಟಿತು, ಬಿದ್ದಿತು. ಅದು ತೆರವು ಮಾಡಿದ ಜಾಗಕ್ಕೆ ಗಾರ್ಚಾಂಪ್ ಗಾಯವಿಲ್ಲದೆ ಬಂದು ನಿಂತಿತು. ಸ್ಕಾರ್ಮರಿ ಇಲ್ಲದ ಕಣದಲ್ಲಿ ಅದನ್ನು ತಡೆಯುವವರಿರಲಿಲ್ಲ.

ಅವಳು ಗೆದ್ದಳು. ನೋಟ್‌ಬುಕ್ ತೆಗೆದು, ಹಾಳೆಯ ನಡುವೆ ದೊಡ್ಡದಾಗಿ ಬರೆದಿದ್ದ ಗ್ಯಾರಡೋಸ್ ಹೆಸರಿನಿಂದ ಗಾರ್ಚಾಂಪ್ ಹೆಸರಿಗೆ ಒಂದು ಬಾಣ ಎಳೆದಳು. ಅಲ್ಲಿಯ ತನಕ ಆ ಹಾಳೆಯಲ್ಲಿದ್ದ ಬಾಣಗಳೆಲ್ಲ ಗ್ಯಾರಡೋಸ್ ಕಡೆಗೇ ಬರುತ್ತಿದ್ದವು. ಅಲ್ಲಿಂದ ಹೊರಟ ಮೊದಲ ಬಾಣ ಅದು. ಉಳಿದವರು ಅದಕ್ಕಾಗಿ ಕೊಂಡುಕೊಟ್ಟ ಸರದಿಗಳ ಸಾಲವನ್ನು ಗ್ಯಾರಡೋಸ್ ಒಂದೇ ಸರದಿಯಲ್ಲಿ ತೀರಿಸಿತ್ತು.